ನಮ್ಮ ಶೆಡ್ಡಿನಲ್ಲಿ ಲೇತ್ ಕೂತಿದ್ದು

ಮನೆಯಲ್ಲಿ ಲೇತ್, ಅಂದರೆ ಕಬ್ಬಿಣದ ತುಂಡನ್ನು ತಿರುಗಿಸುತ್ತಾ ಕೊರೆಯುವ ಮೆಷಿನ್, ಇದೆ ಅಂದ ಕೂಡಲೇ ದಾವಣಗೆರೆಯಲ್ಲಿ ಜನ ಕೇಳುವುದು ಎರಡೇ ಪ್ರಶ್ನೆ. ಎಷ್ಟಕ್ಕೆ ಬಿತ್ತು? ತಿಂಗಳಿಗೆ ಎಷ್ಟು ದುಡಿಯುತ್ತೆ? ಅದನ್ನು ಹೇಗೆ ಕೂರಿಸಿದಿರಿ ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಅವರು ಲೇತ್ ಕೆಲಸದ ಟರ್ನರ್ರೇ ಆಗಿರುತ್ತಾರೆ. ನನ್ನ ಅನುಭವದಲ್ಲಿ ಮೆಷಿನ್ ಕೊಳ್ಳುವುದು ಸುಲಭದ ಭಾಗ. ದುಡ್ಡು ಕೊಟ್ಟರೆ ಬರುತ್ತೆ. ಅದನ್ನು ನೆಟ್ಟಗೆ ಕೂರಿಸಿ, ಕೂತದ್ದನ್ನು ಹಾಗೇ ಉಳಿಸಿಕೊಳ್ಳುವುದೇ ಕೆಲಸ. ಅದಕ್ಕೆ ಆ ಕಥೆಯನ್ನೇ ಜಾಸ್ತಿ ಬರೆಯುತ್ತೇನೆ.

ನಾನು ಹೊಟ್ಟೆಪಾಡಿಗೆ ಟರ್ನರ್ ಅಲ್ಲ, ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುವವನು. ವಿದ್ಯಾನಗರದ ನಮ್ಮ ಮನೆ ಹಿಂದೆ ಒಂದು ಶೀಟಿನ ಶೆಡ್ ಇದೆ. ಅದರಲ್ಲಿ ವರ್ಷಗಟ್ಟಲೆ ಒಂದು ಬೆಂಚು, ಒಂದು ವೈಸ್, ನಾಲ್ಕಾರು ಅರ, ಹ್ಯಾಕ್ಸಾ, ಕೈ ಡ್ರಿಲ್ ಇಷ್ಟರಲ್ಲೇ ಕಾಲ ಹಾಕಿದೆ. ಆ ವರ್ಷಗಳು ದಂಡ ಅಂತ ನನಗೆ ಅನ್ನಿಸಿಲ್ಲ. ಅರ ಹಿಡಿದು ಒಂದು ಕಬ್ಬಿಣದ ತುಂಡಿನ ಮುಖವನ್ನು ಸಮ ಮಾಡೋಕೆ ಬಾರದವನಿಗೆ ಲೇತ್ ಸಿಕ್ಕಿದರೆ ಬರೀ ಚೂರು ಬೀಳಿಸುತ್ತಾನೆ, ಅಷ್ಟೇ. ಹೊಸದಾಗಿ ಶುರು ಮಾಡುವವರಿಗೆ ಒಂದೇ ಮಾತು: ವೈಸಿನ ದವಡೆ ನಿಮ್ಮ ಮೊಣಕೈ ಎತ್ತರಕ್ಕೆ ಬರುವ ಹಾಗೆ ಬೆಂಚು ಮಾಡಿಸಿ. ಅಂಗಡಿಯ ರೆಡಿಮೇಡ್ ಟೇಬಲ್ ಮೇಲೆ ವೈಸ್ ಬಿಗಿದರೆ ಸೊಂಟ ಬಗ್ಗಿಸಿಯೇ ಜೀವ ಹೋಗುತ್ತೆ.

ಲೇತ್ ತರುವುದು ಅಂತ ತೀರ್ಮಾನವಾದಾಗ ಆಸೆ ಇದ್ದದ್ದು ಕಿರ್ಲೋಸ್ಕರ್ ಮೇಲೆ. ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಶುರುವಾದ ಕಾರ್ಖಾನೆ. ಅವರ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತುಗಳ ಹೆಸರನ್ನು ಹಳೇ ಟರ್ನರ್‌ಗಳು ಈಗಲೂ ಮನೆ ಮಕ್ಕಳ ಹೆಸರು ಹೇಳಿದ ಹಾಗೆ ಹೇಳುತ್ತಾರೆ. ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ ದಾಟಿತು, ಮೆಷಿನ್ನುಗಳು ಮಾತ್ರ ಇನ್ನೂ ತಿರುಗುತ್ತಿವೆ. ಪಕ್ಕದ ಊರಲ್ಲೇ ಹುಟ್ಟಿದ ಲೇತ್ ಬಿಟ್ಟು ಬೇರೆಯದು ಯಾಕೆ ಅಂತ ನನ್ನ ಹಟ. ಆದರೆ ನಾನು ನೋಡಿದವೆಲ್ಲ ಟನ್ ಲೆಕ್ಕದವು, ದೊಡ್ಡ ತ್ರೀ ಫೇಸ್ ಮೋಟರಿನವು. ನಮ್ಮ ಓಣಿಯ ತಿರುವಿನಲ್ಲಿ ಕ್ರೇನ್ ಬರುವುದೇ ಇಲ್ಲ. ಹಟ ಅಲ್ಲಿಗೆ ಮುಗಿಯಿತು.

ಕೊನೆಗೆ ಸಿಕ್ಕಿದ್ದೂ ಹರಿಹರದಲ್ಲೇ, ಆದರೆ ಪಂಜಾಬಿನ ಬಟಾಲದಲ್ಲಿ ಮಾಡಿದ ಲೇತ್. ನಾಲ್ಕೂವರೆ ಅಡಿ ಬೆಡ್ಡಿನ (ಉಳಿದ ಭಾಗಗಳೆಲ್ಲ ಕೂರುವ ಉದ್ದನೆ ತಳ), ಮೆಟ್ಟಿಲು ಮೆಟ್ಟಿಲಾದ ಕೋನ್ ಪುಲ್ಲಿಯ ಹಳೇ ಮೆಷಿನ್, ಅಂದಾಜು 400 ಕೆಜಿ. ಮಾರುತ್ತಿದ್ದವರು ಕಿರ್ಲೋಸ್ಕರ್‌ನಲ್ಲೇ ಕೆಲಸ ಕಲಿತು, ಆಮೇಲೆ ಸ್ವಂತ ವರ್ಕ್‌ಶಾಪ್ ಇಟ್ಟಿದ್ದ ಒಬ್ಬ ಮೇಸ್ತ್ರಿ. ಮಂಡಿನೋವಿಗೆ ನಿಂತು ಕೆಲಸ ಮಾಡೋಕೆ ಆಗದೆ ಅಂಗಡಿ ಮುಚ್ಚುತ್ತಿದ್ದರು.

"ಸವೆದಿಲ್ಲ ಅಂತ ನಾನು ಹೇಳಲ್ಲ ತಮ್ಮಾ. ನೀನೇ ತಳ್ಳಿ ನೋಡು," ಅಂದರು.

ತಳ್ಳಿ ನೋಡುವುದು ಅಂದರೆ ಹೀಗೆ. ಲೇತಿನ ಬೆಡ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಕೆಲಸ ನಡೆಯುವುದು ಬಹುಪಾಲು ತುಂಡನ್ನು ಹಿಡಿದು ತಿರುಗುವ ಚಕ್ ಪಕ್ಕದಲ್ಲಿ, ಸವೆಯುವುದೂ ಅಲ್ಲೇ. ಟೂಲ್ ಹೊತ್ತು ಬೆಡ್ ಮೇಲೆ ಓಡಾಡುವ ಕ್ಯಾರೇಜನ್ನು ಚಕ್ ಹತ್ತಿರ ತಂದು, ಅದರ ಲಾಕ್ ಬೋಲ್ಟನ್ನು ಸ್ವಲ್ಪ ಬಿಗಿ ಹತ್ತುವಷ್ಟು ಮಾತ್ರ ತಿರುಗಿಸಿ, ಹಾಗೇ ಎದುರು ತುದಿಯ ಟೇಲ್‌ಸ್ಟಾಕ್ ಕಡೆಗೆ ಸರಿಸುತ್ತಾ ಹೋಗಬೇಕು. ಸಲೀಸಾಗಿ ಕೊನೆಯವರೆಗೂ ಹೋದರೆ ಬೆಡ್ ಚೆನ್ನಾಗಿದೆ. ಅರ್ಧದಲ್ಲೇ ಕಚ್ಚಿಕೊಂಡು ನಿಂತರೆ ಚಕ್ ಕಡೆ ಸವೆದಿದೆ ಅಂತ ಅರ್ಥ. ನಮ್ಮದು ಮುಕ್ಕಾಲು ದಾರಿಯಲ್ಲಿ ಗಟ್ಟಿಯಾಯಿತು, ಆದರೆ ನಿಲ್ಲಲಿಲ್ಲ. ಆಮೇಲೆ ಚಕ್ಕಿನ ಹಿಂದೆ, ಅದನ್ನು ತಿರುಗಿಸುವ ಸ್ಪಿಂಡಲ್ ಮೂತಿಗೆ, ಕೂದಲೆಳೆ ಅಲ್ಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಮುಟ್ಟಿಸಿ, ಕೆಳಗಿನಿಂದ ಕಟ್ಟಿಗೆ ತುಂಡು ಕೊಟ್ಟು ಮೀಟಿ ನೋಡಿದೆ. ಬೇರಿಂಗ್ ಪರವಾಗಿಲ್ಲ ಅನ್ನಿಸಿತು, ಮುಳ್ಳು ಅಲ್ಲಾಡಿದ್ದು ತೀರಾ ಸ್ವಲ್ಪ.

ನನ್ನನ್ನು ನಿಜಕ್ಕೂ ಒಪ್ಪಿಸಿದ್ದು ಮೂಲೆಯಲ್ಲಿದ್ದ ಒಂದು ಎಣ್ಣೆ ಚೀಲ. ಅದರಲ್ಲಿ ಥ್ರೆಡ್ಡಿನ ಅಳತೆ ಬದಲಿಸುವ ಚೇಂಜ್ ಗೇರುಗಳೆಲ್ಲ ಇದ್ದವು, 127 ಹಲ್ಲಿನದೂ ಸೇರಿ. ಥ್ರೆಡ್ ತೆಗೆಯುವಾಗ ಟೂಲನ್ನು ಮುಂದೆ ಒಯ್ಯುವ ಲೀಡ್ ಸ್ಕ್ರೂ ಹಳೇ ಲೇತುಗಳಲ್ಲಿ ಇಂಚಿನ ಲೆಕ್ಕದ್ದು. ಅದರಲ್ಲಿ ಮಿಲಿಮೀಟರ್ ಥ್ರೆಡ್ ಕರಾರುವಾಕ್ಕಾಗಿ ತೆಗೆಯಬೇಕಾದರೆ ಈ ಗೇರ್ ಬೇಕೇ ಬೇಕು. ಒಂದು ಇಂಚಿಗೆ 25.4 ಮಿಲಿಮೀಟರ್. ದಶಮಾಂಶ ಕಳೆಯೋಕೆ ಐದರಿಂದ ಗುಣಿಸಿದರೆ 127. ಅದು ಅವಿಭಾಜ್ಯ ಸಂಖ್ಯೆ, ಹಾಗಾಗಿ ಸಣ್ಣ ಗೇರುಗಳನ್ನು ಜೋಡಿಸಿ ಅದನ್ನು ಹುಟ್ಟಿಸೋಕೆ ಆಗುವುದಿಲ್ಲ. ಲೆಕ್ಕದ ಮೇಷ್ಟ್ರಿಗೆ ಇಷ್ಟು ಸಾಕಲ್ವಾ? ಅರವತ್ತು ಸಾವಿರದ ಆಸುಪಾಸಿಗೆ ಮಾತು ಮುಗಿಯಿತು. ಹಳೇ ಲೇತ್ ಕೊಳ್ಳುವವರು ಬಣ್ಣ ನೋಡಬೇಡಿ, ಗೇರಿನ ಚೀಲ ಕೇಳಿ.

ಸಾಗಿಸಿದ್ದನ್ನು ಉದ್ದ ಮಾಡುವುದಿಲ್ಲ. ಚಕ್, ಟೇಲ್‌ಸ್ಟಾಕ್, ಮೋಟರ್ ಬಿಚ್ಚಿದೆವು, ಟಾಟಾ ಏಸ್‌ಗೆ ಏರಿಸಿದೆವು, ಇಲ್ಲಿ ಚೈನ್ ಬ್ಲಾಕ್ ಹಾಕಿ ಇಳಿಸಿ ಜಿಐ ಪೈಪುಗಳ ಮೇಲೆ ಉರುಳಿಸಿಕೊಂಡು ಒಳಗೆ ತಂದೆವು. ಒಂದು ಎಚ್ಚರ: ಲೇತಿಗೆ ತಲೆಭಾರ ಜಾಸ್ತಿ. ಕಾಲು ಕಿರಿದು, ತೂಕವೆಲ್ಲ ಮೇಲೆ, ಅದೂ ಚಕ್ ಇರುವ ಹೆಡ್‌ಸ್ಟಾಕ್ ಕಡೆಗೆ. ಕ್ಯಾರೇಜನ್ನು ಟೇಲ್‌ಸ್ಟಾಕ್ ತುದಿಗೆ ತಳ್ಳಿ ಲಾಕ್ ಮಾಡಿದ ಮೇಲೇ ಎತ್ತಬೇಕು.

ಕರೆಂಟಿನ ವಿಷಯಕ್ಕೆ ಬರುತ್ತೇನೆ. ಮೆಷಿನ್ ಜೊತೆ ಬಂದದ್ದು ಒಂದು ಎಚ್‌ಪಿ ತ್ರೀ ಫೇಸ್ ಮೋಟರ್. ಮನೆಗೆ ಇರುವುದು ಸಿಂಗಲ್ ಫೇಸ್. ಸಿಂಗಲ್ ಫೇಸ್ ಮೋಟರ್ ಹಾಕಿಬಿಡಿ ಅಂದರು ಹಲವರು. ನಾನು ವಿಎಫ್‌ಡಿ ಅನ್ನುವ ಡ್ರೈವ್ ಹಾಕಿದೆ. 230 ವೋಲ್ಟ್ ಸಿಂಗಲ್ ಫೇಸ್ ಒಳಗೆ ಹೋಗಿ 230 ವೋಲ್ಟ್ ತ್ರೀ ಫೇಸ್ ಹೊರಗೆ ಬರುವ ಡಬ್ಬಿ ಅದು. ಆದರೆ ಮೋಟರಿನ ಒಳಗಿನ ಸುರುಳಿಗಳನ್ನು ಜೋಡಿಸುವ ಬಗೆ ಎರಡು: ಸ್ಟಾರ್, ಡೆಲ್ಟಾ. ಈ ಮೋಟರ್ 415 ವೋಲ್ಟಿಗೆ ಸ್ಟಾರ್‌ನಲ್ಲಿ ಕಟ್ಟಿದ್ದು. ಹಾಗೇ ಜೋಡಿಸಿದರೆ ಶಕ್ತಿ ಬರುವುದಿಲ್ಲ, ಡೆಲ್ಟಾಕ್ಕೆ ಬದಲಿಸಬೇಕು. ಟರ್ಮಿನಲ್ ಬಾಕ್ಸ್ ತೆಗೆದರೆ ಬರೀ ಮೂರು ವೈರು! ಸ್ಟಾರ್ ಗಂಟು ವೈಂಡಿಂಗಿನ ಒಳಗೇ ಹೂತಿತ್ತು. ರಿವೈಂಡಿಂಗ್ ಅಂಗಡಿಯ ಹುಡುಗ ವಾರ್ನಿಷ್ ಬಿಸಿ ಮಾಡಿ, ಆ ಗಂಟು ಹುಡುಕಿ ಬಿಡಿಸಿ, ಆರು ವೈರು ಹೊರಗೆ ತಂದುಕೊಟ್ಟ. ಡೆಲ್ಟಾದಲ್ಲಿ ಆಂಪಿಯರ್ 1.73 ಪಟ್ಟು ಏರುತ್ತೆ. ಡ್ರೈವ್‌ನಲ್ಲಿ ಆ ಹೊಸ ಅಂಕಿ ತುಂಬಬೇಕು, ಪ್ಲೇಟ್ ಮೇಲಿನ ಹಳೇ ಅಂಕಿ ಅಲ್ಲ.

ವಿಎಫ್‌ಡಿ ಬಂದ ಮೇಲೆ ಬೆಲ್ಟ್ ಬದಲಿಸುವ ಗೋಜು ಕಡಿಮೆ. ನಾಬ್ ತಿರುಗಿಸಿದರೆ ಸ್ಪೀಡ್ ಇಳಿಯುತ್ತೆ. ಆದರೆ ಮೋಟರಿನ ಫ್ಯಾನೂ ಅದರ ಜೊತೆಗೇ ನಿಧಾನ ಆಗುವುದರಿಂದ ಕಡಿಮೆ ಸ್ಪೀಡಲ್ಲಿ ತುಂಬ ಹೊತ್ತು ಓಡಿಸಿದರೆ ಕಾಯುತ್ತೆ. ದಪ್ಪ ಕೆಲಸಕ್ಕೆ ಈಗಲೂ ಬೆಲ್ಟನ್ನೇ ಮೋಟರ್ ಕಡೆಯ ಸಣ್ಣ ಪುಲ್ಲಿಗೆ ಇಳಿಸುತ್ತೇನೆ. ಇನ್ನೊಂದು ಸಂಗತಿ ಯಾವ ಅಂಗಡಿಯವರೂ ಹೇಳಲಿಲ್ಲ, ಮೇಸ್ತ್ರಿ ಹೇಳಿದರು. ಹಳೇ ಲೇತುಗಳಲ್ಲಿ ಚಕ್ ಇರುವುದು ಸ್ಪಿಂಡಲ್ ಮೂತಿಯ ಥ್ರೆಡ್ಡಿನ ಮೇಲೆ. ಡ್ರೈವ್‌ನಲ್ಲಿ ಬ್ರೇಕ್ ಟೈಮ್ ಕಡಿಮೆ ಇಟ್ಟರೆ ಸ್ಪಿಂಡಲ್ ಗಪ್ಪನೆ ನಿಲ್ಲುತ್ತೆ, ಚಕ್ ಮಾತ್ರ ತಿರುಗುತ್ತಲೇ ಹೋಗಿ ಬಿಚ್ಚಿಕೊಂಡು ಕಾಲ ಮೇಲೆ ಬೀಳುತ್ತೆ. ರಿವರ್ಸ್ ಹಾಕಿದರೂ ಅದೇ ಅಪಾಯ. ನಾನು ನಿಲ್ಲುವ ಸಮಯ ಉದ್ದ ಇಟ್ಟಿದ್ದೇನೆ, ರಿವರ್ಸನ್ನು ಲಾಕ್ ಮಾಡಿದ್ದೇನೆ. ಅರ್ತ್ ಪಿಟ್ ಹೊಸದಾಗಿ ತೋಡಿಸಿ ಇದ್ದಿಲು, ಉಪ್ಪು ಹಾಕಿಸಿದ್ದೂ ಆಗಲೇ.

ಇನ್ನು ಕೂರಿಸುವ ಕೆಲಸ. ಲೇತ್ ಕಬ್ಬಿಣದ್ದು, ಗಟ್ಟಿ, ಎಲ್ಲಿಟ್ಟರೂ ನೆಟ್ಟಗೇ ಇರುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ನೆಲ ಏರುತಗ್ಗಿದ್ದರೆ, ಬೋಲ್ಟ್ ಬಿಗಿದ ಕೂಡಲೇ ಆ ನೆಲದ ಸೊಟ್ಟ ಬೆಡ್ಡಿಗೆ ಏರುತ್ತೆ. ಕಣ್ಣಿಗೆ ಕಾಣುವುದಿಲ್ಲ. ಆದರೆ ತೆಗೆದ ರಾಡು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಬರುತ್ತೆ. ಗಾರೆ ಕೆಲಸದವರ ರಸಮಟ್ಟ ಇದಕ್ಕೆ ಸಾಲುವುದಿಲ್ಲ. ಒಂದು ಮೀಟರಿಗೆ 0.02 ಮಿಲಿಮೀಟರ್ ಏರುಪೇರಿದ್ದರೂ ಒಂದು ಗೀಟು ಸರಿಯುವ ಮೆಷಿನ್ ಲೆವೆಲ್ ಬೇಕು. ಅದನ್ನು ಮೇಸ್ತ್ರಿ ತಾವೇ ತಂದರು. ಕಟ್ಟಿಗೆ ಡಬ್ಬಿ, ಒಳಗೆ ಎಣ್ಣೆ ಬಟ್ಟೆ, ಅದರೊಳಗೆ ಲೆವೆಲ್. ಡಬ್ಬಿ ತೆರೆದವರು ಹದಿನೈದು ನಿಮಿಷ ಅದನ್ನು ಮುಟ್ಟಲೇ ಇಲ್ಲ. ಬೆಡ್ ಮೇಲೆ ಇಟ್ಟು ಟೀ ಕುಡಿಯುತ್ತಾ ಕೂತರು. ಕೈ ಬಿಸಿಗೇ ಗುಳ್ಳೆ ಓಡುತ್ತೆ ಅಂತೆ. ಲೆವೆಲ್ಲೂ ಬೆಡ್ಡೂ ಒಂದೇ ಸಮ ತಣ್ಣಗಾಗಲಿ ಅಂದರು.

ನಾಲ್ಕು ಪಾದಕ್ಕೂ ಒಂದೊಂದು ದಪ್ಪ ಪ್ಲೇಟ್, ಅದರ ಮೇಲೆ ಏರಿಳಿಸುವ ಬೋಲ್ಟ್. ಲೆವೆಲ್ಲನ್ನು ಬೆಡ್ಡಿಗೆ ಅಡ್ಡವಾಗಿ ಇಡಬೇಕು. ಮೊದಲು ಹೆಡ್‌ಸ್ಟಾಕ್ ಹತ್ತಿರ, ಆಮೇಲೆ ಟೇಲ್‌ಸ್ಟಾಕ್ ತುದಿಯಲ್ಲಿ. ಗುಳ್ಳೆ ನಟ್ಟನಡುವೆ ಬರಬೇಕು ಅಂತೇನೂ ಇಲ್ಲ. ಎರಡೂ ಕಡೆ ಒಂದೇ ಗೀಟಿನಲ್ಲಿ ನಿಂತರೆ ಸಾಕು. ಹಡಗಿನಲ್ಲೂ ಲೇತ್ ಇರುತ್ತೆ, ಅದೇನು ಮಟ್ಟಸವಾಗಿರುತ್ತಾ ಅಂತ ಮೇಸ್ತ್ರಿ ಕೇಳಿದರು. ಬೆಡ್ ತಿರುಚಿಕೊಂಡಿರಬಾರದು, ಅಷ್ಟೇ ಮುಖ್ಯ. ನಮ್ಮ ಟೇಲ್‌ಸ್ಟಾಕ್ ಕಡೆ ಗುಳ್ಳೆ ಪೂರ್ತಿ ಒಂದು ಮೂಲೆಗೆ ಓಡಿತ್ತು. ಸ್ಪಾನರ್ ಹಿಡಿದು ಬೋಲ್ಟನ್ನು ಒಂದು ಚೂರು ತಿರುಗಿಸುವುದು, ಕಾಯುವುದು, ನೋಡುವುದು. ಇಷ್ಟೇ ಕೆಲಸ, ಆದರೆ ಮಧ್ಯಾಹ್ನ ಪೂರ್ತಿ ಹಿಡಿಯಿತು. ಅಮ್ಮ ಬಂದು ಇಣುಕಿ, "ಇಬ್ರೂ ಏನ್ ಧ್ಯಾನ ಮಾಡ್ತಿದೀರೇನ್ರೋ?" ಅಂತ ಕೇಳಿ ಹೋದರು.

ಲೆವೆಲ್ ಹೇಳಿದ್ದು ಅರ್ಧ ಸತ್ಯ. ಉಳಿದರ್ಧವನ್ನು ಲೇತೇ ಹೇಳಬೇಕು. 32 ಎಂಎಂ ರಾಡನ್ನು ಚಕ್‌ಗೆ ಹಿಡಿದು, ಸುಮಾರು 150 ಎಂಎಂ ಹೊರಗೆ ಬಿಟ್ಟು, ಟೇಲ್‌ಸ್ಟಾಕ್ ಆಸರೆ ಕೊಡದೆ, ಎರಡು ತುದಿಯಲ್ಲಿ ಎರಡು ಬಳೆ ಉಳಿಯುವ ಹಾಗೆ ನಡುವಿನದನ್ನು ಮೊದಲು ಇಳಿಸಿದೆವು. ಆಮೇಲೆ ಟೂಲನ್ನು ಹರಿತ ಮಾಡಿ, ಒಂದೇ ಸೆಟ್ಟಿಂಗಿನಲ್ಲಿ ಎರಡೂ ಬಳೆ ಮೇಲೆ ತೆಳ್ಳಗೆ ಒಂದು ಕಟ್. ಮೈಕ್ರೋಮೀಟರ್ ಹಿಡಿದರೆ ಹೊರಗಿನ ಬಳೆ ಒಳಗಿನದಕ್ಕಿಂತ 0.03 ಎಂಎಂ ದಪ್ಪ. ಅಂದರೆ ಆ ತುದಿಯಲ್ಲಿ ಟೂಲು ಕೆಲಸದಿಂದ ದೂರ ಸರಿಯುತ್ತಿದೆ. ಟೇಲ್‌ಸ್ಟಾಕ್ ಕಡೆಯ ಮುಂದಿನ ಪಾದವನ್ನು, ಅಂದರೆ ನಾವು ನಿಲ್ಲುವ ಕಡೆಯದನ್ನು, ಕೂದಲೆಳೆಯಷ್ಟು ಏರಿಸಿದರೆ ಟೂಲು ಒಳಕ್ಕೆ ವಾಲುತ್ತೆ. ಏರಿಸಿ ಮತ್ತೆ ಕಟ್, ಮತ್ತೆ ಅಳತೆ. 0.01ಕ್ಕೆ ಬಂದಾಗ ಮೇಸ್ತ್ರಿ ಸ್ಪಾನರ್ ಕೆಳಗಿಟ್ಟರು. ಇಷ್ಟು ಹಳೇ ಬೆಡ್ಡಿಗೆ ಇದಕ್ಕಿಂತ ಜಾಸ್ತಿ ಕೇಳಿದರೆ ಅದು ಬೇರೆ ಕಡೆ ಸೇಡು ತೀರಿಸಿಕೊಳ್ಳುತ್ತೆ ಅಂದರು.

ಇಲ್ಲಿಗೆ ಮುಗಿಯಿತು ಅಂದುಕೊಂಡವರಿಗೆ ಎರೆ ಮಣ್ಣು ಗೊತ್ತಿಲ್ಲ ಅಂತ ಅರ್ಥ. ನಮ್ಮ ಮನೆ ಇರುವುದು ಕರಿ ಎರೆ ಮೇಲೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ, ಏಪ್ರಿಲ್ ಬಿಸಿಲಿಗೆ ಕುಗ್ಗಿ ಬಾಯಿ ಬಿಡುತ್ತೆ. ಮನೆ ಗೋಡೆಯಲ್ಲಿ ಬಿರುಕು ಬರುವುದು ಯಾಕೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಗೋಡೆಯನ್ನೇ ಬಿರಿಸುವ ಮಣ್ಣು ಶೆಡ್ಡಿನ ನೆಲವನ್ನು ಬಿಡುತ್ತಾ? ಲೇತ್ ಬರುವ ಮೊದಲು ನಾನು ಅದು ನಿಲ್ಲುವ ಜಾಗದಲ್ಲಿ ಎರೆಯನ್ನು ಅಗೆದು ತೆಗೆಸಿ, ಗರಸು ತುಂಬಿ ದಮ್ಮಸು ಹಾಕಿಸಿ, ಮೇಲೆ ಕಂಬಿ ಕಟ್ಟಿದ ಕಾಂಕ್ರೀಟ್ ಹಾಕಿಸಿದ್ದೆ. ಗೋಡೆಗೂ ಆ ಹಾಸಿಗೂ ನಡುವೆ ಸಂದು ಬಿಡಿಸಿದ್ದೆ, ಗೋಡೆ ಕದಲಿದರೆ ಇದು ಕದಲದಿರಲಿ ಅಂತ. ಆದರೂ ಮಳೆಗಾಲ ಮುಗಿದ ಮೇಲೆ ಎರಡು ಬಳೆಯ ಪರೀಕ್ಷೆ ಮಾಡಿದರೆ ಅಳತೆ ಸ್ವಲ್ಪ ಸರಿದಿತ್ತು. ಈಗ ಅದು ವರ್ಷದ ಲೆಕ್ಕಕ್ಕೆ ಸೇರಿದೆ. ದೀಪಾವಳಿ ಹೊತ್ತಿಗೊಮ್ಮೆ, ಯುಗಾದಿ ಕಳೆದ ಮೇಲೊಮ್ಮೆ. ಅದೇ ರಾಡನ್ನು ಎಣ್ಣೆ ಹಚ್ಚಿ ಎತ್ತಿಟ್ಟಿದ್ದೇನೆ, ಪ್ರತಿ ಸಲ ಒಂದು ತೆಳು ಕಟ್ ಹೋಗುತ್ತೆ. ಚೆನ್ನಗಿರಿ ಕಡೆ ಕೆಂಪು ನೆಲದಲ್ಲಿ ಶೆಡ್ ಇರುವ ನನ್ನ ಗೆಳೆಯನಿಗೆ ಈ ತಾಪತ್ರಯ ಇಲ್ಲ. ಹೊಟ್ಟೆಕಿಚ್ಚಾಗುತ್ತೆ.

ಟೂಲಿನ ಬಗ್ಗೆ ಸ್ವಲ್ಪ. ಟೂಲಿನ ತುದಿಗೆ ಬಿಗಿಯುವ ಗಟ್ಟಿ ಕಾರ್ಬೈಡ್ ಇನ್ಸರ್ಟ್ ಚೆನ್ನಾಗಿವೆ, ಆದರೆ ಅವು ಜೋರಾಗಿ ತಿರುಗುವ, ಗಟ್ಟಿಯಾಗಿ ನಿಲ್ಲುವ ಮೆಷಿನ್ ಕೇಳುತ್ತವೆ. ಒಂದು ಎಚ್‌ಪಿ ಹಳೇ ಲೇತಿಗೆ ಎಚ್ಎಸ್ಎಸ್, ಅಂದರೆ ಹೈ ಸ್ಪೀಡ್ ಸ್ಟೀಲಿನ ಟೂಲ್ ಬಿಟ್, ವಾಸಿ. ಸಾಣೆ ಹಿಡಿಯೋಕೆ ಕಲಿತರೆ ಒಂದು ಬಿಟ್ ವರ್ಷಗಟ್ಟಲೆ ಬರುತ್ತೆ. ಮೈಲ್ಡ್ ಸ್ಟೀಲಿಗೆ ನಿಮಿಷಕ್ಕೆ ಇಪ್ಪತ್ತೈದು ಮೂವತ್ತು ಮೀಟರ್ ವೇಗ ಅಂತ ಲೆಕ್ಕ. 25 ಎಂಎಂ ರಾಡಿಗೆ ಸುಮಾರು 350 ಆರ್‌ಪಿಎಂ ಬರುತ್ತೆ. ಚೂರು ನೀಲಿಯಾಗಿ ಬಂದರೆ ಎಚ್ಎಸ್ಎಸ್‌ಗೆ ಬಿಸಿ ಜಾಸ್ತಿ ಆಯಿತು, ಸ್ಪೀಡ್ ಇಳಿಸಬೇಕು. ಹಿತ್ತಾಳೆಗೆ ಮಾತ್ರ ಟೂಲಿನ ತಲೆ ಸಪಾಟಾಗಿರಬೇಕು. ಸ್ಟೀಲಿಗೆ ಮಾಡಿದ ಇಳಿಜಾರಿನ ಟೂಲನ್ನೇ ಹಿತ್ತಾಳೆಗೆ ಕೊಟ್ಟರೆ ಅದು ಕೆಲಸವನ್ನು ಕಚ್ಚಿ ಎಳೆದುಕೊಳ್ಳುತ್ತೆ. ಗ್ರೈಂಡರಿಗೆ ಹೊಸ ಕಲ್ಲು ಹಾಕುವಾಗ ನಡುವಿನ ತೂತಿಗೆ ಬೆರಳು ಕೊಟ್ಟು ತೂಗುಹಾಕಿ, ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಬಡಿದು ಕೇಳಬೇಕು. ಠಣ್ ಅಂದರೆ ಸರಿ. ಬೊದ್ದು ಶಬ್ದ ಬಂದರೆ ಒಳಗೆ ಬಿರುಕಿದೆ, ಹಾಕಲೇಬಾರದು.

ಗ್ರೈಂಡರನ್ನು ಶೆಡ್ಡಿನ ಹೊರಗೆ, ತಾರಸಿ ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ. ವೆಲ್ಡಿಂಗ್ ಕೂಡ ಅಲ್ಲೇ. ಸಾಣೆ ಧೂಳು ಬೆಡ್ ಮೇಲೆ ಕೂತು ಎಣ್ಣೆ ಜೊತೆ ಸೇರಿದರೆ ಅದು ಅರೆಯುವ ಮಸಾಲೆ ಆಗಿಬಿಡುತ್ತೆ. ರಾಡಿಗೆ ಎಮರಿ ಪೇಪರ್ ಹಿಡಿಯಲೇಬೇಕಾದಾಗ ಬೆಡ್ ಮೇಲೆ ಪೇಪರ್ ಹಾಸಿ, ಕೆಲಸ ಮುಗಿದ ಕೂಡಲೇ ಒರೆಸುತ್ತೇನೆ. ಕಂಪ್ರೆಸರ್ ಗಾಳಿ ಹೊಡೆದು ಲೇತ್ ತೊಳೆಯುವವರನ್ನು ಕಂಡರೆ ಮೈ ಉರಿಯುತ್ತೆ. ಚೂರೆಲ್ಲ ಹೋಗಿ ಸ್ಲೈಡುಗಳ ಸಂದಿಗೆ ಸೇರುತ್ತೆ. ಬ್ರಷ್, ಒಂದು ಕಂಬಿಯ ಕೊಕ್ಕೆ ಸಾಕು. ಕೈಯಲ್ಲಿ ಎಳೆಯಬಾರದು, ಆ ಸುರುಳಿ ಬ್ಲೇಡಿನಷ್ಟೇ ಹರಿತ.

ಒರೆಸೋಕೆ ಬನಿಯನ್ ವೇಸ್ಟ್ ಕೆಜಿ ಲೆಕ್ಕದಲ್ಲಿ ತರುತ್ತೇನೆ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಲ್ಲಿ ಕೂತು ಚಿಂದಿಗೆ ದುಡ್ಡು ಕೊಡುವುದು! ಇರಲಿ. ಬೆಡ್ಡಿಗೆ 68 ನಂಬರಿನ ಸ್ಲೈಡ್‌ವೇ ಆಯಿಲ್, ಕೆಲಸಕ್ಕೆ ಮುಂಚೆಯೂ ಆಮೇಲೂ. ಎಣ್ಣೆ ಕಪ್ಪುಗಳಿಗೆ ಗ್ರೀಸ್ ತುರುಕಬಾರದು, ದಾರಿ ಕಟ್ಟಿಕೊಳ್ಳುತ್ತೆ. ನೀರಿಗೆ ಬೆರೆಸುವ ಕಟಿಂಗ್ ಆಯಿಲ್ ನಾನು ಇಟ್ಟಿಲ್ಲ. ದಿನಾ ಓಡುವ ವರ್ಕ್‌ಶಾಪಿಗೆ ಅದು ಸರಿ. ವಾರಕ್ಕೊಮ್ಮೆ ಬಾಗಿಲು ತೆರೆಯುವ ಶೆಡ್ಡಿನಲ್ಲಿ ಅದು ಕೊಳೆತು ನಾರುತ್ತೆ, ನೀರಿನ ಅಂಶ ಬೆಡ್ ಮೇಲೆ ಉಳಿದು ತುಕ್ಕು ತರುತ್ತೆ. ಬ್ರಷ್‌ನಲ್ಲಿ ನೀರು ಬೆರೆಸದ ನೀಟ್ ಆಯಿಲ್ ಹಚ್ಚಿದರೆ ನಮ್ಮ ಮಟ್ಟಿಗೆ ಸಾಕು. ಅಲ್ಯೂಮಿನಿಯಂಗೆ ಮಾತ್ರ ಸ್ವಲ್ಪ ಡೀಸೆಲ್.

ಬೇಸಿಗೆಯಲ್ಲಿ ತುಕ್ಕಿನ ಕಾಟ ಕಡಿಮೆ, ಧೂಳಿನದ್ದು ಜಾಸ್ತಿ. ಜುಲೈ ಜಿಟಿಜಿಟಿ ಮಳೆಯಲ್ಲಿ ಉಲ್ಟಾ. ಮೈಕ್ರೋಮೀಟರ್, ಡಯಲ್ ಗೇಜ್, ಟ್ಯಾಪುಗಳ ಡ್ರಾಯರಿನಲ್ಲಿ ಮೇಸ್ತ್ರಿ ಹೇಳಿದಂತೆ ಕರ್ಪೂರದ ಬಿಲ್ಲೆ ಇಟ್ಟಿದ್ದೇನೆ. ದೇವರ ಕೋಣೆಯ ಡಬ್ಬಿ ಖಾಲಿಯಾದರೆ ನನ್ನ ಮೇಲೇ ಅನುಮಾನ. ಕೈ ಬೆವರಿನ ಉಪ್ಪು ಕೂಡ ತುಕ್ಕು ಹಿಡಿಸುತ್ತೆ, ಹಾಗಾಗಿ ಅಳತೆ ಸಾಮಾನು ಒಳಗಿಡುವ ಮುಂಚೆ ಎಣ್ಣೆ ಬಟ್ಟೆಯಲ್ಲಿ ಒರೆಸುವುದು ಕಡ್ಡಾಯ.

ಶೆಡ್ಡಿಗೆ ಬರುವ ಹುಡುಗರಿಗೆ ಮೂರು ಕಟ್ಟುಪಾಡು ಇದೆ. ಕೈಗೆ ಗ್ಲೌಸ್ ಹಾಕಿ ಲೇತ್ ಮುಟ್ಟುವಂತಿಲ್ಲ. ಹೆಗಲ ಮೇಲೆ ಟವೆಲ್ ಇರುವಂತಿಲ್ಲ. ಚಕ್ ಕೀಯಿಂದ ಕೈ ತೆಗೆಯುವ ಮೊದಲು ಕೀ ಚಕ್ಕಿನಿಂದ ಹೊರಗೆ ಬಂದಿರಬೇಕು. ಕೊನೆಯದಕ್ಕೆ ಒಂದು ಉಪಾಯ ಮಾಡಿದ್ದೇನೆ. ಕೀಗೆ ಒಂದು ಸ್ಪ್ರಿಂಗ್ ಹಾಕಿದ್ದೇನೆ. ಒತ್ತಿ ಹಿಡಿದರೆ ಮಾತ್ರ ಕೂರುತ್ತೆ, ಬಿಟ್ಟರೆ ತಾನೇ ಹೊರಗೆ ಜಿಗಿಯುತ್ತೆ.

ಕೆಲಸ ಏನು ಬರುತ್ತೆ ಅಂತ ಕೇಳಿದರೆ ದೊಡ್ಡದೇನಿಲ್ಲ. ಗೇಟಿನ ಪಿನ್ನು, ಮಿಕ್ಸಿ ಕಪ್ಲಿಂಗಿನ ಸ್ಟಡ್ಡು, ಪರಿಚಯದ ದೋಸೆ ಹೋಟೆಲಿನ ರುಬ್ಬುವ ಗ್ರೈಂಡರಿಗೆ ಗನ್‌ಮೆಟಲ್ ಬುಷ್. ದುಡ್ಡಿಗೆ ಅಂತ ಮಾಡುವುದಿಲ್ಲ. ಆ ಬುಷ್ಷಿಗೆ ಮಾತ್ರ ಅವರು ಬಿಲ್ ಕೇಳಿದರು, ನಾನು ಬೆಣ್ಣೆ ದೋಸೆ ಲೆಕ್ಕದಲ್ಲಿ ವಸೂಲಿ ಮಾಡುತ್ತಿದ್ದೇನೆ.

ಸದ್ಯಕ್ಕೆ ಒಂದು ಫೋರ್ ಜಾ, ಅಂದರೆ ನಾಲ್ಕು ದವಡೆಯ ಚಕ್ ಬಂದು ಮೂಲೆಯಲ್ಲಿದೆ. ಅದರ ಬ್ಯಾಕ್‌ಪ್ಲೇಟನ್ನು ಇದೇ ಸ್ಪಿಂಡಲ್ ಮೇಲೆ ಕೂರಿಸಿ, ಇಲ್ಲೇ ಮುಖ ತೆಗೆದು, ಚಕ್ಕಿನ ಗುಂಡಿಗೆ ಬಿಗಿಯಾಗಿ ಕೂರುವ ಮೆಟ್ಟಿಲು ಮಾಡಬೇಕು. ಬೇರೆ ಲೇತಿನಲ್ಲಿ ಮಾಡಿಸಿ ತಂದರೆ ಚಕ್ ತಿರುಗುವಾಗ ಓಲಾಡುತ್ತೆ. ಮೇಸ್ತ್ರಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಭಾನುವಾರ ಬರುತ್ತೇನೆ ಅಂದಿದ್ದಾರೆ. ಅವರಿಗೆ ಕೂರೋಕೆ ಒಂದು ಎತ್ತರದ ಸ್ಟೂಲ್ ವೆಲ್ಡ್ ಮಾಡಿಟ್ಟಿದ್ದೇನೆ.